ಚಿಟ್ಟುವಿನ ಹಿಂಗಾಲು

ಏಪ್ರಿಲ್ 20, ಭಾನುವಾರ

ಸೊಸೆ ಬೆಳಗಿನ ಬಸ್ಸಿಗೆ ಆನೈಮಲೈಗೆ ಹೋದಳು. ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾರೆ. ಎದ್ದು ನಡೆಯುವಷ್ಟಾಗಲು ಎರಡು ತಿಂಗಳು ಬೇಕಂತೆ. ಅವಳು ಪಾಠ ಹೇಳುವ ಶಾಲೆಗೆ ಹೇಗೂ ರಜೆ ಬರುತ್ತದೆ, ಬೇಕಾದರೆ ತನ್ನ ರಜೆ ಮುಂದುವರಿಸುತ್ತಾಳಂತೆ. ಹೋಗಬೇಡ ಎನ್ನಲು ನಾನೇನು ಕಲ್ಲಲ್ಲ. ಆದರೆ ಹೋಗುವಾಗ ತನ್ನ ಇಲಿಯನ್ನು ನನಗೆ ಒಪ್ಪಿಸಿ ಹೋಗಿದ್ದಾಳೆ.

ಇಲಿ ಎಂದರೆ ಅವಳ ಮುಖ ಕೆಂಪಾಗುತ್ತದೆ. ಅದು ಶುಗರ್ ಗ್ಲೈಡರ್ ಅಂತೆ, ಆಸ್ಟ್ರೇಲಿಯಾದ ಮರಗಳ ಮೇಲೆ ಇರುವಂಥದ್ದಂತೆ, ಕಾಂಗರೂವಿಗೆ ನೆಂಟನಂತೆ. ಒಂದು ಹಿಡಿ ಗಾತ್ರ. ಬೂದು ಮೈ, ಮೂಗಿನಿಂದ ಬೆನ್ನಿನುದ್ದಕ್ಕೂ ಕಪ್ಪು ಗೆರೆ, ಮುಖದ ತುಂಬ ಕಣ್ಣು. ಅವಳ ಜೊತೆ ಪಾಠ ಹೇಳುತ್ತಿದ್ದ ಇಂದುಜಾ ಊರು ಬಿಡುವಾಗ ಕೊಟ್ಟದ್ದು. ಎಂಟು ತಿಂಗಳಿಂದ ಅದನ್ನು ಬಟ್ಟೆಯ ಚೀಲದಲ್ಲಿ ಕತ್ತಿಗೆ ನೇತುಹಾಕಿಕೊಂಡೇ ಪಾತ್ರೆ ತೊಳೆಯುತ್ತಾಳೆ, ಮಗ್ಗದ ಕೋಣೆಗೆ ಕಾಫಿ ತರುತ್ತಾಳೆ. ನೋಡಿದವರು ಏನೆಂದುಕೊಂಡಾರು ಎಂಬ ಯೋಚನೆ ಇಲ್ಲ.

ಬಸ್ಸು ಹೊರಟ ಮೇಲೆ ಮಗ ಸೆಂದಿಲ್ ಅವಳು ಬರೆದಿಟ್ಟ ಚೀಟಿ ಕೊಟ್ಟ. ತಮಿಳಿನಲ್ಲಿ ಬರೆದಿದ್ದಾಳೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಕನ್ನಡ ಓದಬಲ್ಲವಳು ತಾಳವಾಡಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ನಾನೊಬ್ಬಳೇ. ಅದರಿಂದಲೇ ನಾನು ದಿನಚರಿ ಬರೆಯುವ ಈ ಪುಸ್ತಕಕ್ಕೆ ಬೀಗ ಬೇಕಿಲ್ಲ. ಚೀಟಿಯಲ್ಲಿ ಹೀಗಿತ್ತು: ದಿನಾ ಒಂದು ತುಂಡು ಬೇಯಿಸಿದ ಮೊಟ್ಟೆ. ಡಬ್ಬಿಯಲ್ಲಿರುವ ಒಣ ಹುಳು ಐದು. ಮೇಲೆ ಒಂದು ಚಿಟಿಕೆ ಕ್ಯಾಲ್ಸಿಯಂ ಪುಡಿ. ಹಣ್ಣು ಸ್ವಲ್ಪವೇ.

ಅಂದರೆ ಎಂಟು ತಿಂಗಳಿಂದ ನನ್ನ ತಲೆಯ ಮೇಲೆ, ತಾರಸಿಯಲ್ಲಿ, ಮೊಟ್ಟೆ ಹುಳುಗಳ ಸಮಾರಾಧನೆ ನಡೆದಿದೆ. ನಮ್ಮದು ಜನಿವಾರ ಹಾಕುವ ನೇಕಾರರ ಮನೆ. ಚೌಡೇಶ್ವರಿಗೆ ನಡೆದುಕೊಳ್ಳುವ ಮನೆ. ನನ್ನ ಅತ್ತೆಯ ಕಾಲದಿಂದ ಈ ಹೊಸಿಲು ದಾಟಿ ಮೊಟ್ಟೆ ಬಂದಿಲ್ಲ.

"ನಿನಗೆ ಗೊತ್ತಿತ್ತಾ?" ಎಂದು ಸೆಂದಿಲ್‌ನನ್ನು ಕೇಳಿದೆ.

"ಅದು ಮೃಗ ಅಮ್ಮಾ. ಪಾವಂ, ಅದಕ್ಕೇನ್ ಗೊತ್ತು ಆಚಾರ?"

"ಮೃಗಕ್ಕೆ ಗೊತ್ತಿಲ್ಲ. ಮನೆಗೆ ಗೊತ್ತು."

ಹುಳು, ಪುಡಿ ಎಲ್ಲಾ ಇದ್ದ ಡಬ್ಬಿಯನ್ನು ಪಕ್ಕದ ಮಲ್ಲಿಗಾಳ ಕೋಳಿಗಳಿಗೆ ಗೋಡೆಯ ಮೇಲಿಂದ ಸುರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದವು.

ಏಪ್ರಿಲ್ 21

ಸಂಜೆ ಸೊಸೆಯ ಫೋನು. "ಚಿಟ್ಟು ತಿಂತಾ ಅತ್ತೆ? ಮೊಟ್ಟೆ ಕೊಟ್ರಾ?"

"ಎಲ್ಲಾ ಕೊಟ್ಟೆ. ನೀನು ನಿಮ್ಮಮ್ಮನ್ನ ನೋಡ್ಕೊ."

ಎಲ್ಲಾ ಎಂದದ್ದು ಸುಳ್ಳಲ್ಲ. ಬಾಳೆಹಣ್ಣು, ಜೇನು, ಹಾಲನ್ನ, ಬೆಲ್ಲದ ಚೂರು. ನಮ್ಮ ಮನೆಯಲ್ಲಿ ಕೊಡಬಹುದಾದದ್ದನ್ನೆಲ್ಲಾ ಕೊಟ್ಟೆ.

ಏಪ್ರಿಲ್ 29, ಮಂಗಳವಾರ

ಹಗಲೆಲ್ಲಾ ಚೀಲದಲ್ಲಿ ಮುದುಡಿ ಮಲಗಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮೂಗು ಹೊರಗೆ ಬರುತ್ತದೆ. ಹಜಾರದ ಕಿಟಕಿಗಳನ್ನೆಲ್ಲಾ ಮುಚ್ಚಿ ಬಿಡಬೇಕು. ಸೊಸೆ ಅದಕ್ಕೆಂದೇ ಮುಳ್ಳು ಸವರಿದ ಜಾಲಿ ಕೊಂಬೆಯೊಂದನ್ನು ಮರದ ಕಂಬಕ್ಕೆ ಕಟ್ಟಿದ್ದಾಳೆ.

ಹೊತ್ತು ಹೋಗಲೆಂದು ಇವತ್ತು ಕುಳಿತು ನೋಡಿದೆ. ಮುಂಗಾಲು ಎರಡನ್ನೂ ಮೇಲಕ್ಕೆ ಚಾಚಿ ಉಗುರು ನಾಟಿಸುತ್ತದೆ. ಆಮೇಲೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಹಿಂಗಾಲುಗಳನ್ನು ಎಳೆದುಕೊಳ್ಳುತ್ತದೆ. ಹಿಂಗಾಲಿನಲ್ಲಿ ನಮ್ಮ ಕೈಯ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ತಿರುಗಿದ ಬೆರಳೊಂದಿದೆ, ಅದಕ್ಕೆ ಉಗುರಿಲ್ಲ. ಅದರಿಂದ ಕೊಂಬೆಯನ್ನು ಇಕ್ಕಳದಂತೆ ಹಿಡಿದು, ತಲೆಕೆಳಗಾಗಿ ತೂಗಿಕೊಂಡು, ಎರಡೂ ಕೈ ಖಾಲಿ ಮಾಡಿಕೊಂಡು ಬಾಳೆಹಣ್ಣು ತಿನ್ನುತ್ತದೆ. ಅದರ ಪಕ್ಕದ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳಿಂದ ಮೈ ಬಾಚಿಕೊಳ್ಳುತ್ತದೆ. ಕೆಲಸವೆಲ್ಲಾ ಹಿಂಗಾಲಿನದೇ. ಮಗ್ಗದಲ್ಲೂ ಹಾಗೇ. ಬಂದವರು ಕೈಯನ್ನು ನೋಡಿ ಹೊಗಳುತ್ತಾರೆ, ತುಳಿಯುವ ಕಾಲನ್ನು ಯಾರೂ ನೋಡುವುದಿಲ್ಲ.

ಕಂಬದ ತುದಿಯಿಂದ ಹಾರಿದಾಗ ಮುಂಗೈಯಿಂದ ಹಿಂಗಾಲಿನವರೆಗೆ ಚರ್ಮ ಬಿಚ್ಚಿಕೊಂಡು, ಗಾಳಿಗೆ ಹಿಡಿದ ಕರವಸ್ತ್ರದ ಹಾಗಾಯಿತು. ಸೆಂದಿಲ್‌ನ ಬೆನ್ನಿಗೆ ಇಳಿಯಿತು.

ಇನ್ನೊಂದು ವಿಷಯ. ಕೆಳಗಿನ ಎರಡು ಉದ್ದ ಹಲ್ಲಿನಿಂದ ಜಾಲಿಯ ತೊಗಟೆ ಕೆರೆದು, ಒಸರುವ ಅಂಟನ್ನು ನೆಕ್ಕುತ್ತದೆ. ನೋಡಿದರೆ ಗೊತ್ತಾಗುವುದಿಲ್ಲವೇ, ಇದು ಮರದ ಅಂಟು ತಿಂದು ಬದುಕುವ ಸಾತ್ವಿಕ ಪ್ರಾಣಿ. ಮೊಟ್ಟೆ ತಿನ್ನಿಸಿ ಕೆಡಿಸಿದ್ದು ಸೊಸೆ.

ಮೇ 4, ಭಾನುವಾರ

ಸಂಜೆ ದೀಪಕ್ಕೆ ಬಂದ ಪತಂಗವೊಂದನ್ನು ಇಲಿ ಗಾಳಿಯಲ್ಲೇ ಹಿಡಿಯಿತು. ನಾನು ಅದರ ಕೈಯಿಂದ ಕಿತ್ತು ಹೊರಗೆ ಎಸೆದೆ. ಜೀರುಂಡೆಯ ಹಾಗೆ ಕಿರ್ರೆಂದು ಬೈಯಿತು. ಬೈಯಲಿ. ಸೆಂದಿಲ್ ಮೂರು ವರ್ಷದವನಿದ್ದಾಗ ಮಣ್ಣು ತಿನ್ನುತ್ತಿದ್ದ, ಅದನ್ನೂ ನಾನೇ ಬಿಡಿಸಿದ್ದು.

ಮೇ 11, ಭಾನುವಾರ

ಜರಿ ತೂಗುವ ತಕ್ಕಡಿಯಲ್ಲಿ ತೂಗಿದೆ. ನೂರ ಮೂವತ್ತೆಂಟು ಗ್ರಾಂ. ಸೊಸೆ ಹೋಗುವಾಗ ನೂರ ಹದಿನೈದು ಎಂದು ಚೀಟಿಯ ಮೂಲೆಯಲ್ಲಿ ಬರೆದಿದ್ದಳು. ಮೈ ಮಿರಿಮಿರಿ ಅನ್ನುತ್ತಿದೆ. ಫೋನಿನಲ್ಲಿ ಹೇಳಿದೆ, "ನಿನ್ನ ಕೈಯಲ್ಲಿ ಒಣಗಿತ್ತು, ನನ್ನ ಕೈಯಲ್ಲಿ ತುಂಬ್ಕೊಂಡಿದೆ."

"ಅಪ್ಪಡಿಯಾ ಅತ್ತೆ!" ಎಂದು ಸಂತೋಷಪಟ್ಟಳು. ಹೊಟ್ಟೆಕಿಚ್ಚು ಪಡುತ್ತಾಳೆ ಎಂದುಕೊಂಡಿದ್ದೆ.

ಮೇ 19, ಸೋಮವಾರ

ಇಲಿ ಕಂಬದ ಅರ್ಧದಿಂದ ಜಾರಿತು. ಕೊಬ್ಬು ಹೆಚ್ಚಾಗಿದೆ ಎಂದು ಬೆಲ್ಲ ನಿಲ್ಲಿಸಿದೆ.

ಮೇ 22, ಗುರುವಾರ

ಕೊಬ್ಬಲ್ಲ. ಇವತ್ತು ಚೀಲದಿಂದ ಹೊರಬಂದಾಗ ಹಿಂಗಾಲು ಎರಡೂ ಅದರ ಹಿಂದೆ ಒದ್ದೆ ನೂಲಿನಂತೆ ಎಳೆದುಕೊಂಡು ಬಂದವು. ಮುಂಗೈಯಿಂದ ಕೊಂಬೆ ಹಿಡಿಯಿತು, ಬೆನ್ನು ಬಗ್ಗಿಸಿತು, ಕಾಲು ಮೇಲೆ ಬರಲಿಲ್ಲ. ಮತ್ತೆ ಹಿಡಿಯಿತು. ಬರಲಿಲ್ಲ. ಎಂಟು ಸಲ ಎಣಿಸಿದೆ. ಆಮೇಲೆ ನೆಲದ ಮೇಲೆ ಕುಳಿತು ನನ್ನನ್ನು ನೋಡಿತು.

ಫೋನು ಬಂತು. ಎತ್ತಲಿಲ್ಲ.

ಮೇ 23, ಶುಕ್ರವಾರ

ಬೆಳಿಗ್ಗೆ ಮಗ್ಗ ನಿಲ್ಲಿಸಿ ಸೆಂದಿಲ್ ಜೊತೆ ಕೊಯಮತ್ತೂರಿಗೆ ಹೋದೆ. ನಮ್ಮ ಸಿರುಮುಗೈಯಲ್ಲಿ ಹಸು ಆಡು ನೋಡುವವರಿದ್ದಾರೆ, ಇಂಥದ್ದನ್ನು ನೋಡುವವರಿಲ್ಲ. ಆರ್.ಎಸ್. ಪುರಂನಲ್ಲಿ ಒಬ್ಬ ಹೆಣ್ಣು ಡಾಕ್ಟರು ಇದ್ದಾರೆ, ವಿಜಯಕುಮಾರಿ ಎಂದು. ದಾರಿಯುದ್ದಕ್ಕೂ ಚೀಲ ನನ್ನ ಕತ್ತಿನಲ್ಲೇ ಇತ್ತು. ಬಸ್ಸಿನಲ್ಲಿ ಜನ ನೋಡಿದರು.

"ಏನು ಕೊಡ್ತೀರಿ ಪಾಟ್ಟಿ ಇದಕ್ಕೆ?" ಎಂದು ಡಾಕ್ಟರು ಅಜ್ಜಿಯನ್ನು ಕರೆಯುವ ಹಾಗೆ ಕೇಳಿದರು.

"ಎಲ್ಲಾ ಕೊಡ್ತೀನಿ."

"ಎಲ್ಲಾ ಅಂದ್ರೆ?"

"ಮೊಟ್ಟೆ, ಹುಳು, ಪುಡಿ." ನನ್ನ ಬಾಯಿಂದಲೇ ಬಂತು. ಅರವತ್ತೆಂಟು ವರ್ಷಕ್ಕೆ ಒಬ್ಬ ಅಪರಿಚಿತ ಹೆಂಗಸಿನ ಮುಂದೆ ಸುಳ್ಳು ಹೇಳಿದೆ. ಸೆಂದಿಲ್ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಎಲುಬು, ಹರಿಯುವುದಕ್ಕೆ ಬಂದ ಹಳೆಯ ಧೋತರದ ಹಾಗೆ ತೆಳ್ಳಗೆ. "ಮೊಟ್ಟೆ, ಹುಳು ತಿಂದ ಎಲುಬು ಹೀಗಿರಲ್ಲ ಪಾಟ್ಟಿ" ಎಂದರು. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಆಗ ಹೇಳಿದೆ. ಪತಂಗದ ವಿಷಯವನ್ನೂ ಹೇಳಿದೆ.

"ಅಂಟು, ಹಣ್ಣಿನ ರಸ ಅದಕ್ಕೆ ಹಾರೋಕೆ ಶಕ್ತಿ ಕೊಡುತ್ತೆ. ಎಲುಬು ಗಟ್ಟಿಯಾಗೋಕೆ ಅಷ್ಟೇ ಸಾಲದು. ಕಾಡಲ್ಲಿ ಅಂಟು ನೆಕ್ಕೋ ಬಾಯೇ ತೊಗಟೆ ಸಂದಿಯ ಹುಳೂನೂ ಹುಡುಕ್ತದೆ. ನೀವು ಕೊಡದೇ ಇದ್ದದ್ದನ್ನ ಅದು ತನ್ನ ಎಲುಬಿನಿಂದಲೇ ತೆಗೆದುಕೊಂಡಿದೆ."

"ಮತ್ತೆ ಹತ್ತುತ್ತಾ?"

"ಬೇಗ ತಂದಿದ್ದೀರಿ. ನಾಲ್ಕು ವಾರ ಚಿಕ್ಕ ಪೆಟ್ಟಿಗೆಯಲ್ಲಿಡಿ, ಏನನ್ನೂ ಹತ್ತಬಾರದು. ಹತ್ತಿದರೆ ಎಲುಬು ಮುರಿಯುತ್ತೆ. ಹನಿ ಮದ್ದು, ಮೊಟ್ಟೆ, ಹುಳು ಬಿಡದೆ ಕೊಡಿ. ಆಮೇಲೆ ನೋಡೋಣ. ಖಾತ್ರಿ ಅಂತ ನಾನು ಹೇಳಲ್ಲ."

ತನ್ನ ಎಲುಬನ್ನು ತಾನೇ ತಿಂದಿದೆ.

ಮೇ 24, ಶನಿವಾರ

ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ನಿಂತೆ. ಮಲ್ಲಿಗಾ ಕೋಳಿಗಳಿಗೆ ಕಾಳು ಎರಚುತ್ತಿದ್ದಳು.

"ಮಲ್ಲಿಗಾ, ಒಂದು ಮೊಟ್ಟೆ ಬೇಕಾಗಿತ್ತು."

ಮೊರ ಕೈಯಲ್ಲೇ ನಿಂತಿತು. "ಎನ್ನಂಗಕ್ಕಾ? ಮೊಟ್ಟೆಯಾ? ಯಾರಿಗೆ ದೃಷ್ಟಿ ತೆಗೀಬೇಕು?"

"ದೃಷ್ಟಿಗಲ್ಲ. ಬೇಯಿಸೋಕೆ."

"ಅಯ್ಯೋ ಸಾಮಿ! ಮೊನ್ನೆ ತನಕ ನನ್ನ ಕೋಳಿ ಗೋಡೆ ಏರಿದ್ರೆ ನೀರು ಎರಚ್ತಿದ್ರಿ!"

"ಈಗಲೂ ಎರಚ್ತೀನಿ. ಮೊಟ್ಟೆ ಕೊಡು."

ನಗುತ್ತಲೇ ಎರಡು ಕೊಟ್ಟಳು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಒಳಗೆ ತರಲಿಲ್ಲ. ಹಿತ್ತಿಲಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿ, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸಲು ಇಟ್ಟೆ. ಸೆಂದಿಲ್ ಮಗ್ಗದ ಕೋಣೆಯಿಂದ ಓಡಿ ಬಂದ.

"ಅಮ್ಮಾ, ಕುದಿಯೋದ್ರೊಳಗೆ ಹಾಕ್ಬೇಡಿ, ಒಡೆಯುತ್ತೆ. ತಣ್ಣೀರಲ್ಲೇ ಹಾಕಿ. ಕುದಿ ಬಂದ್ಮೇಲೆ ಹತ್ತು ನಿಮಿಷ. ಒಂದು ಕಲ್ಲು ಉಪ್ಪು ಹಾಕಿದ್ರೆ ಚಿಪ್ಪು ಚೆನ್ನಾಗಿ ಬಿಡುತ್ತೆ."

ನಾನು ಅವನ ಮುಖ ನೋಡಿದೆ. "ಎಷ್ಟು ವರ್ಷದಿಂದ?"

ಕಿವಿ ಕೆಂಪಾದವು. "ಪಾಲಿಟೆಕ್ನಿಕ್‌ನಿಂದ."

ಅಂದರೆ ಇಪ್ಪತ್ತು ವರ್ಷ. ಬೈಯಬೇಕಿತ್ತು. ಆದರೆ ಕುದಿ ಬಂದಿತ್ತು, ನಿಮಿಷ ಎಣಿಸುತ್ತಿದ್ದೆ.

ಹಳದಿಯನ್ನು ಹನಿ ಮದ್ದಿನೊಂದಿಗೆ ಮಿದ್ದು ಬೆರಳ ತುದಿಯಲ್ಲಿ ಹಿಡಿದೆ. ಚಿಟ್ಟು ಎರಡೂ ಕೈಯಿಂದ ನನ್ನ ಬೆರಳನ್ನು ಹಿಡಿದುಕೊಂಡು ನೆಕ್ಕಿತು. ಕೈ ಐದು ಸಲ ತೊಳೆದೆ.

ಜೂನ್ 3, ಮಂಗಳವಾರ

ಹನ್ನೊಂದು ದಿನ. ಕಾಲು ಹಾಗೇ ಇದೆ. ಮೊಟ್ಟೆ ತಿನ್ನುತ್ತದೆ, ಅಂಗಡಿಯಿಂದ ತಂದ ಒಣ ಹುಳುವನ್ನು ಮೂಸಿ ಬಿಡುತ್ತದೆ. ಡಾಕ್ಟರನ್ನು ಫೋನಿನಲ್ಲಿ ಕೇಳಿದರೆ, "ಜೀವಂತ ಹುಳು ಸಿಕ್ಕಿದರೆ ತಿನ್ನುತ್ತೆ. ನೀವು ಪಟ್ಟೆ ಸೀರೆ ನೇಯೋರಲ್ವಾ, ರೇಷ್ಮೆ ಹುಳು ಸಿಗಲ್ವಾ?" ಎಂದರು.

ಉಡುಮಲೈ ಕಡೆ ಅಂಗಪ್ಪನ್ ಎಂಬುವರು ಹುಳು ಸಾಕುತ್ತಾರೆ, ಸೆಂದಿಲ್‌ಗೆ ಗೊತ್ತು. ನಾನೂ ಹೋದೆ. ಐವತ್ತು ವರ್ಷ ರೇಷ್ಮೆಯ ದಾರ ಈ ಕೈಯಲ್ಲಿ ಹಾದುಹೋಗಿದೆ, ಹುಳುವನ್ನು ಮುಟ್ಟಿದವಳಲ್ಲ. ತಾಳವಾಡಿಯಲ್ಲಿ ಪಕ್ಕದವರು ಸಾಕುತ್ತಿದ್ದರು, ನಮ್ಮಪ್ಪ ಆ ಬಾಗಿಲಿಗೆ ಹೋಗಗೊಡುತ್ತಿರಲಿಲ್ಲ. ತಟ್ಟೆಗಳ ತುಂಬ ಹಿಪ್ಪುನೇರಳೆ ಸೊಪ್ಪು, ಮಳೆ ಬಂದ ಹಾಗೆ ತಿನ್ನುವ ಸದ್ದು.

"ತಿನ್ನೋಕಾ?" ಅಂಗಪ್ಪನ್‌ಗೆ ನಂಬಿಕೆಯೇ ಬರಲಿಲ್ಲ. "ಅಮ್ಮಾ, ಒಂದೊಂದೂ ನಿಮ್ಮ ಸೀರೆಯ ದಾರ ಅಲ್ವಾ?"

"ಗೊತ್ತು. ಪಾಪ ನನಗಿರಲಿ, ಒಂದು ಹಿಡಿ ಕೊಡು."

"ಪಾಪ ಎಲ್ಲಿಂದ ಬಂತು? ದಾರ ಬಿಚ್ಚೋರು ಗೂಡನ್ನ ಕುದಿಯೋ ನೀರಿಗೆ ಹಾಕ್ತಾರಲ್ಲ, ಆಗ ನಾವು ಕೇಳ್ತೀವಾ?" ಎಂದು ನಕ್ಕು, ಸೊಪ್ಪಿನ ಸಮೇತ ಬುಟ್ಟಿಗೆ ಹಾಕಿಕೊಟ್ಟರು.

ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಊರು ಬರುವವರೆಗೂ ಆ ಮಾತನ್ನೇ ಯೋಚಿಸಿದೆ.

ಸಂಜೆ ಒಂದು ಹುಳುವನ್ನು ಎರಡು ಬೆರಳಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದೆ. ತಣ್ಣಗೆ, ಮೆತ್ತಗೆ ಇತ್ತು. ಚಿಟ್ಟು ಕಸಿದುಕೊಂಡಿತು. ಕಬ್ಬಿನ ಜಲ್ಲೆಯಂತೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ತಲೆಯಿಂದ ಶುರುಮಾಡಿ ರಸ ಹೀರಿ, ಸಿಪ್ಪೆಯನ್ನು ಉಂಡೆಮಾಡಿ ಉಗಿಯಿತು. ಇನ್ನೊಂದಕ್ಕೆ ಕೈ ಚಾಚಿತು. ನಾಲ್ಕು ತಿಂದಿತು. ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ. ಐದನೆಯದನ್ನು ಕೊಡಬಹುದೇ ಎಂದು ಡಾಕ್ಟರಿಗೆ ಮತ್ತೆ ಫೋನು ಮಾಡಿಸಿದೆ.

ಜೂನ್ 9, ಸೋಮವಾರ

ಸೊಸೆ ನಿತ್ಯಾಳ ಫೋನು. ಅವಳ ತಾಯಿ ಕೋಲು ಹಿಡಿದು ಹತ್ತು ಹೆಜ್ಜೆ ನಡೆದರಂತೆ. ದನಿಯಲ್ಲಿ ನಗು. ಕೊನೆಗೆ ಹೇಳಿದಳು, "ಅಮ್ಮನಿಗೂ ಹೇಳ್ದೆ ಅತ್ತೆ. ನಮ್ಮತ್ತೆ ಬಾಯಿ ಮಾತ್ರ ಜೋರು, ಚಿಟ್ಟುಗೋಸ್ಕರ ಮೊಟ್ಟೆ ಮುಟ್ತಾರೆ ನೋಡು ಅಂತ. ನೀವು ಇಲ್ದಿದ್ರೆ ನಾನು ಇಲ್ಲಿ ಹೇಗಿರ್ತಿದ್ದೆ?"

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ. ಎಲ್ಲಾ ಹೇಳಿದೆ. ಡಬ್ಬಿ ಸುರಿದದ್ದು, ಬೆಲ್ಲ, ಪತಂಗ, ಕಾಲು ಬಿದ್ದುಹೋದದ್ದು, ಇನ್ನೂ ಖಾತ್ರಿ ಇಲ್ಲದ್ದು. ನಾನು ಮುಗಿಸಿದ ಮೇಲೆ ಫೋನು ಇಟ್ಟಳು.

ಜೂನ್ 11

ಎರಡು ದಿನದಿಂದ ಫೋನಿಲ್ಲ. ಚಿಟ್ಟು ಇವತ್ತು ಬಲ ಹಿಂಗಾಲಿನ ಹೆಬ್ಬೆರಳನ್ನು ನನ್ನ ಕಿರುಬೆರಳಿಗೆ ಸುತ್ತಿತು. ಸುತ್ತಿತೋ, ನನಗೆ ಹಾಗನ್ನಿಸಿತೋ. ಹೇಳಲು ಯಾರೂ ಇರಲಿಲ್ಲ. ಸೆಂದಿಲ್‌ಗೆ ಹೇಳಿದೆ, ಅವನು "ಹೂಂ" ಎಂದ.

ಜೂನ್ 12, ಗುರುವಾರ

ಮಧ್ಯಾಹ್ನ ನಿತ್ಯಾ ಬಂದಳು. ತಾಯಿಯ ಹತ್ತಿರ ತಮ್ಮನ ಹೆಂಡತಿಯನ್ನು ಬಿಟ್ಟು ಬಂದಿದ್ದಾಳೆ. ನೇರ ಪೆಟ್ಟಿಗೆಯ ಹತ್ತಿರ ಹೋಗಿ ಕುಳಿತಳು. ನಾನು ಕಾಫಿ ಮಾಡಿ ಪಕ್ಕದಲ್ಲಿಟ್ಟೆ. ಅದು ಆರಿ ಕೆನೆಗಟ್ಟಿತು. ಆಮೇಲೆ ಎದ್ದು ನಿಂತಳು.

"ಒಂದು ಫೋನು ಅತ್ತೆ! 'ನನ್ನಿಂದ ಆಗಲ್ಲ, ಬಂದು ಎತ್ಕೊಂಡು ಹೋಗು' ಅಂತ ಒಂದೇ ಒಂದು ಮಾತು! ನಾನು ಬಂದು ಎತ್ಕೊಂಡು ಹೋಗ್ತಿದ್ದೆ. ದಿನಾ ಕೇಳ್ತಿದ್ದೆನಲ್ಲ, ಕೊಟ್ರಾ ಕೊಟ್ರಾ ಅಂತ. ನಿಮ್ಮ ಮನೆ ಮರ್ಯಾದೆ ದೊಡ್ಡದಾ, ಅದರ ಕಾಲು ದೊಡ್ಡದಾ?"

"ನಿತ್ಯಾ..." ಎಂದ ಸೆಂದಿಲ್.

"ನೀವು ಸುಮ್ನಿರಿ! ಮೂಲೆ ಅಂಗಡೀಲಿ ಆಮ್ಲೆಟ್ ತಿಂದು ಬಾಯಿ ಒರೆಸ್ಕೊಂಡು ಬರೋರು!"

"ಕಾಲೇ ದೊಡ್ಡದು" ಎಂದೆ ನಾನು.

ಅವಳು ಅತ್ತಳು. ಆಮೇಲೆ ಆರಿದ ಕಾಫಿಯನ್ನೇ ಕುಡಿದು, ಹುಳುವಿನ ಬುಟ್ಟಿ ಎಲ್ಲಿ ಎಂದು ಕೇಳಿದಳು.

ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನನ್ನ ಮುಂದೆ ದನಿ ಎತ್ತಿದವಳಲ್ಲ. ಯಜಮಾನರು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಬೈದವರೇ ಇಲ್ಲ. ಬೈಸಿಕೊಂಡು ಹೋಗಿ ಮಲಗಿದೆ. ಮೂರು ವಾರವಾದ ಮೇಲೆ ನಿದ್ದೆ ಬಂತು.

ಜೂನ್ 16, ಸೋಮವಾರ

ಜಡಿಮಳೆ. ಹಿತ್ತಿಲ ಒಲೆ ನೆನೆದುಹೋಗಿದೆ. ನಿತ್ಯಾ ಕೊಡೆ ಹಿಡಿದು ಮೊಟ್ಟೆ, ಪಾತ್ರೆ ಹೊತ್ತು ಹೊರಗೆ ನಿಂತಿದ್ದಳು. "ಒಳಗೆ ಬಾ, ಗ್ಯಾಸ್ ಮೇಲಿಡು" ಎಂದೆ. ಅವಳು ನನ್ನನ್ನೇ ನೋಡುತ್ತಾ ನಿಂತಳು. "ಏನ್ ನೋಡ್ತೀಯ? ತಣ್ಣೀರಲ್ಲೇ ಹಾಕು" ಎಂದೆ.

ಜೂನ್ 20, ಶುಕ್ರವಾರ

ಇಬ್ಬರೂ ಸೇರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೊಸ ಎಕ್ಸ್‌ರೇಯಲ್ಲಿ ಎಲುಬು ಬೆಳ್ಳಗೆ ಕಾಣಿಸಿತು. "ಎಲುಬು ಬಂದಿದೆ. ಕಾಲಿಗೆ ಬಲ ಬಂದಿದೆಯಾ ಅನ್ನೋದನ್ನ ಅದೇ ಹೇಳಬೇಕು. ಭಾನುವಾರ ಪೆಟ್ಟಿಗೆಯಿಂದ ಹೊರಗೆ ಬಿಟ್ಟು ನೋಡಿ" ಎಂದರು. ನಿತ್ಯಾ ನನ್ನ ಕೈ ಹಿಡಿದುಕೊಂಡೇ ರಸ್ತೆ ದಾಟಿದಳು. ನನಗೇನು, ರಸ್ತೆ ದಾಟಲು ಬರುವುದಿಲ್ಲವೇ.

ಜೂನ್ 22, ಭಾನುವಾರ

ದೀಪ ಹಚ್ಚಿ, ಕಿಟಕಿಗಳನ್ನು ಮುಚ್ಚಿ, ಪೆಟ್ಟಿಗೆಯ ಬಾಗಿಲು ತೆಗೆದೆವು. ಚಿಟ್ಟು ಹೊರಗೆ ಬಂದು ಬಹಳ ಹೊತ್ತು ಕಂಬದ ಬುಡದಲ್ಲೇ ಕುಳಿತಿತ್ತು. ಮುಂಗೈ ಎರಡನ್ನೂ ಮೇಲಕ್ಕೆ ಚಾಚಿತು. ಬೆನ್ನು ಬಗ್ಗಿಸಿತು. ಹಿಂಗಾಲು ಬಂದವು. ಬಲಗಾಲು ಮೊದಲು, ಎಡಗಾಲು ಸ್ವಲ್ಪ ತಡವಾಗಿ, ಆದರೂ ಬಂದು ಹೆಬ್ಬೆರಳು ಕಚ್ಚಿ ಹಿಡಿಯಿತು. ಮತ್ತೆ ಕೈ. ಮತ್ತೆ ಕಾಲು. ಅರ್ಧ ಕಂಬಕ್ಕೆ ನಿಂತು ಉಸಿರು ತೆಗೆದುಕೊಂಡಿತು. ಆಮೇಲೆ ನಿಲ್ಲದೆ ತುದಿಯ ತೊಲೆಯವರೆಗೂ ಹೋಗಿಬಿಟ್ಟಿತು.

"ಅತ್ತೆ, ಹಾರುತ್ತೆ!" ಎಂದಳು ನಿತ್ಯಾ. "ಬಿದ್ರೆ?"

ಮೇಲೆ ಅದು ತಲೆಯನ್ನು ಆ ಕಡೆ ಈ ಕಡೆ ಆಡಿಸಿ ದೂರ ಅಳೆಯುತ್ತಿತ್ತು. ಕೈಗೆ ಸಿಕ್ಕಿದ ಬಟ್ಟೆಯನ್ನು ಎಳೆದೆ, ಒಂದು ತುದಿ ನಿತ್ಯಾಳ ಕಡೆ ಎಸೆದೆ. ಇಬ್ಬರೂ ಕಂಬದ ಕೆಳಗೆ ಬಿಗಿಯಾಗಿ ಹಿಡಿದು ನಿಂತೆವು. ಚಿಟ್ಟು ಹಾರಿತು. ಮೈಯೆಲ್ಲಾ ಬಿಚ್ಚಿಕೊಂಡು, ನಾಲ್ಕು ಕಾಲನ್ನೂ ಮುಂದಕ್ಕೆ ಮಾಡಿ ನಡುವಿಗೇ ಬಂದು ಇಳಿಯಿತು. ಇಳಿದು, ಮೊದಲ ಕೆಲಸವಾಗಿ, ಅಲ್ಲೇ ಉಚ್ಚೆ ಹೊಯ್ದಿತು.

ಸೆಂದಿಲ್ ಬಾಗಿಲಲ್ಲಿ ನಿಂತು ಕೂಗಿದ. "ಅಮ್ಮಾ! ಬೆಳಿಗ್ಗೆ ಮಗ್ಗದಿಂದ ಇಳಿಸಿದ ಪಟ್ಟೆ ಸೀರೆ ಅದು! ನಾಳೆ ಕಳಿಸ್ಬೇಕು!"

ಆಗ ನೋಡಿದೆ. ಹೌದು, ಅದೇ.

"ಇನ್ನೊಂದು ನೇಯಿ" ಎಂದೆ.

ನಿತ್ಯಾ ತನ್ನ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ನಾನೂ ಬಿಟ್ಟಿರಲಿಲ್ಲ. ನಡುವೆ ಅದು ನಾಲ್ಕೂ ಕಾಲಿನ ಮೇಲೆ ನಿಂತು ಮೈ ಬಾಚಿಕೊಳ್ಳುತ್ತಿತ್ತು.